ಸ್ಕೋಪಿನ ಗೆರೆ ನಿಲ್ಲುತ್ತಿಲ್ಲವೇ? ಟ್ರಿಗರ್ ತೊಂದರೆ ಹುಡುಕುವ ಕೈಪಿಡಿ

ಡಿಜಿಟಲ್ ಆಸಿಲೋಸ್ಕೋಪ್ (ವೋಲ್ಟೇಜ್ ಸಮಯದ ಜೊತೆ ಬದಲಾಗುವುದನ್ನು ಗೆರೆಯಾಗಿ ತೋರಿಸುವ ಉಪಕರಣ) ಕೆಟ್ಟಿದೆ ಅನ್ನುವವರಲ್ಲಿ ಜಾಸ್ತಿ ಜನರ ಸ್ಕೋಪ್ ಚೆನ್ನಾಗಿಯೇ ಇರುತ್ತದೆ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡುತ್ತಿರುತ್ತದೆ. ಏನು ಹೇಳಿದ್ದೇವೆ ಅನ್ನುವುದು ಮಾತ್ರ ನಮಗೆ ಗೊತ್ತಿರುವುದಿಲ್ಲ. ಮುಂಚೆ ಬಳಸಿದವರು ಟ್ರಿಗರ್ ಸೋರ್ಸ್ (ಟ್ರಿಗರ್ ಯಾವ ಸಿಗ್ನಲ್ ನೋಡಬೇಕು ಅನ್ನುವ ಆಯ್ಕೆ) ಬದಲಾಯಿಸಿ ಹೋಗಿರುತ್ತಾರೆ, ಅಥವಾ ಕೈ ತಾಗಿ ಲೆವೆಲ್ ನಾಬ್ ತಿರುಗಿರುತ್ತದೆ.

ಟ್ರಿಗರ್ ಏನು ಮಾಡುತ್ತದೆ ಅಂತ ಒಂದು ಮಾತಿನಲ್ಲಿ ಹೇಳಿಬಿಡುತ್ತೇನೆ. ಸ್ಕೋಪ್ ಓಡುತ್ತಿರುವಾಗ ಸ್ಯಾಂಪಲ್‌ಗಳು (ಕ್ಷಣ ಕ್ಷಣದ ವೋಲ್ಟೇಜ್ ಅಳತೆಗಳು) ಮೆಮೊರಿಗೆ ತುಂಬುತ್ತಲೇ ಇರುತ್ತವೆ, ಹಳೆಯದು ಅಳಿಯುತ್ತದೆ, ಹೊಸದು ಬರುತ್ತದೆ. "ಸಿಗ್ನಲ್ ಈ ವೋಲ್ಟೇಜನ್ನು (ಇದೇ ಲೆವೆಲ್) ಈ ದಿಕ್ಕಿನಲ್ಲಿ ದಾಟಿತು" ಅನ್ನುವ ಗುರುತು ಸಿಕ್ಕಾಗ ಸ್ಕೋಪ್ ಅದರ ಹಿಂದಿನದು ಒಂದಿಷ್ಟು, ಮುಂದಿನದು ಒಂದಿಷ್ಟು ಸೇರಿಸಿ ಚಿತ್ರ ಬಿಡಿಸುತ್ತದೆ. ಪ್ರತಿ ಸಲವೂ ಗುರುತು ಸಿಗ್ನಲ್‌ನ ಒಂದೇ ಜಾಗದಲ್ಲಿ ಬಿದ್ದರೆ ಚಿತ್ರದ ಮೇಲೆ ಚಿತ್ರ ಕೂತು ಗೆರೆ ನಿಂತಂತೆ ಕಾಣುತ್ತದೆ. ಜಾಗ ತಪ್ಪಿದರೆ ಓಡುತ್ತದೆ, ನಡುಗುತ್ತದೆ, ಇಲ್ಲವೇ ಚಿತ್ರವೇ ಬರುವುದಿಲ್ಲ. ಕೆಳಗಿನದೆಲ್ಲ ಇದರ ಸುತ್ತಲೇ ಸುತ್ತುತ್ತದೆ.

## ಪ್ರೋಬ್ ಮುಟ್ಟಿಸುವ ಮುಂಚೆ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಗೋಡೆಯ ಪ್ಲಗ್ಗಿಗೆ ಹಾಕುವ ಸಾಮಾನ್ಯ ಸ್ಕೋಪ್‌ನಲ್ಲಿ ಪ್ರೋಬಿನ ಗ್ರೌಂಡ್ ಕ್ಲಿಪ್ ಒಳಗಿನಿಂದ ನೇರ ಕಟ್ಟಡದ ಅರ್ತ್‌ಗೆ ಸೇರಿರುತ್ತದೆ. ಎಲ್ಲ ಚಾನೆಲ್‌ಗಳ (ಸಿಗ್ನಲ್ ಹಾಕುವ ಇನ್‌ಪುಟ್‌ಗಳ) ಕ್ಲಿಪ್‌ಗಳೂ ಒಳಗೆ ಒಂದೇ. ಹಾಗಾಗಿ ಒಂದು ಕ್ಲಿಪ್ಪನ್ನು ಗ್ರೌಂಡಿಗೆ, ಇನ್ನೊಂದನ್ನು ಬೋರ್ಡಿನ ಬೇರೆ ವೋಲ್ಟೇಜ್ ಇರುವ ಜಾಗಕ್ಕೆ ಹಾಕಿದರೆ ಅದು ಅಲ್ಲೇ ಶಾರ್ಟ್. ಬೋರ್ಡ್ ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಸೇರಿದ್ದರೆ ಅದರ ಗ್ರೌಂಡ್ ಕೂಡ ಸಾಮಾನ್ಯವಾಗಿ ಅರ್ತ್‌ಗೇ ಸೇರಿರುತ್ತದೆ, ಇದನ್ನು ಮರೆಯುವವರು ಬಹಳ.

ಮೇನ್ಸ್‌ಗೆ ನೇರ ಸೇರಿದ ಸರ್ಕ್ಯೂಟಿಗೆ ಕ್ಲಿಪ್ ಹಾಕಲೇಬಾರದು. ಎಸ್‌ಎಂಪಿಎಸ್‌ನ (ಸ್ವಿಚಿಂಗ್ ಪವರ್ ಸಪ್ಲೈ) ಪ್ರೈಮರಿ ಬದಿ, ಎಲ್‌ಇಡಿ ಡ್ರೈವರ್, ಡಿಮ್ಮರ್ ಎಲ್ಲ ಇದೇ ಗುಂಪು. 230 ವೋಲ್ಟ್ ಮೇನ್ಸ್ ರೆಕ್ಟಿಫೈ ಆದಾಗ ಕೆಪಾಸಿಟರ್ ಮೇಲೆ ಸುಮಾರು 325 ವೋಲ್ಟ್ ಡಿಸಿ ಕೂರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು. ಅಲ್ಲಿ ಅಳೆಯಲು ಆ ವೋಲ್ಟೇಜಿಗೆ ತಕ್ಕ ರೇಟಿಂಗ್ ಇರುವ ಡಿಫರೆನ್ಷಿಯಲ್ ಪ್ರೋಬ್ (ಎರಡು ಜಾಗಗಳ ನಡುವಿನ ವ್ಯತ್ಯಾಸ ಅಳೆಯುವುದು) ಬೇಕು. ಸ್ಕೋಪಿನ ಅರ್ತ್ ಪಿನ್ ಮುರಿದು ಅಥವಾ ಟೇಪ್ ಸುತ್ತಿ "ತೇಲಿಸುವ" ಉಪಾಯ ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ. ಆಗ ಸ್ಕೋಪಿನ ಲೋಹದ ಭಾಗವೆಲ್ಲ ಲೈವ್ ಆಗಬಹುದು, ಮುಟ್ಟುವುದು ನಿಮ್ಮದೇ ಕೈ.

ಇನ್ನೊಂದು: ಇನ್‌ಪುಟ್ 50 ಓಮ್‌ಗೆ ಸೆಟ್ ಆಗಿದ್ದರೆ ಅದು ಸಾಮಾನ್ಯವಾಗಿ 5 ವೋಲ್ಟ್ ಆರ್‌ಎಂಎಸ್‌ಗಿಂತ ಜಾಸ್ತಿ ತಡೆಯುವುದಿಲ್ಲ. ಮಾಮೂಲಿ ಪ್ರೋಬಿಗೆ 1 ಮೆಗಾಓಮ್ ಇರಬೇಕು. ಒಮ್ಮೆ ನೋಡಿಕೊಳ್ಳಿ.

## ಎಲ್ಲಕ್ಕಿಂತ ಮೊದಲು: ಮೇಲಿನ ಆ ಪುಟ್ಟ ಪದ ಓದಿ

ಸ್ಕ್ರೀನಿನ ಮೇಲಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪದ ಇರುತ್ತದೆ. ನಾಬ್ ತಿರುಗಿಸುವ ಮುಂಚೆ ಅದನ್ನು ಓದಿದರೆ ಅರ್ಧ ಕೆಲಸ ಮುಗಿಯಿತು. ಬ್ರ್ಯಾಂಡ್‌ನಿಂದ ಬ್ರ್ಯಾಂಡಿಗೆ ಪದ ಸ್ವಲ್ಪ ಬೇರೆ, ಅರ್ಥ ಒಂದೇ.

"ಟ್ರಿಗ್ಡ್" ಅಂತಿದ್ದರೆ ಗುರುತು ಸಿಗುತ್ತಿದೆ. ತೊಂದರೆ ಇದ್ದರೆ ಅದು ಗುರುತು ಯಾವ ಜಾಗದಲ್ಲಿ ಬೀಳುತ್ತಿದೆ ಅನ್ನುವುದರಲ್ಲಿ, ಇಲ್ಲವೇ ಸ್ಯಾಂಪಲ್ ದರದಲ್ಲಿ. "ಆಟೋ" ಅಂತಿದ್ದರೆ ಗುರುತು ಸಿಗುತ್ತಿಲ್ಲ, ಸ್ಕೋಪ್ ಕಾದು ಬೇಸತ್ತು ತಾನೇ ಏನೋ ಒಂದು ಚಿತ್ರ ಬಿಡಿಸುತ್ತಿದೆ. "ರೆಡಿ" ಅಥವಾ "ವೇಟ್" ಅಂದರೆ ನಾರ್ಮಲ್ ಇಲ್ಲವೇ ಸಿಂಗಲ್ (ಒಂದೇ ಸಲ ಹಿಡಿದು ನಿಲ್ಲುವ) ಮೋಡ್‌ನಲ್ಲಿ ಗುರುತಿಗಾಗಿ ಕಾಯುತ್ತಿದೆ. "ಆರ್ಮ್ಡ್" ಅಂದರೆ ಟ್ರಿಗರ್‌ಗೆ ಮುಂಚಿನ ಭಾಗವನ್ನು ಇನ್ನೂ ಮೆಮೊರಿಗೆ ತುಂಬಿಕೊಳ್ಳುತ್ತಿದೆ. "ಸ್ಟಾಪ್" ಅಂದರೆ ನಿಂತಿದೆ, ಯಾರೋ ರನ್/ಸ್ಟಾಪ್ ಒತ್ತಿದ್ದಾರೆ ಅಷ್ಟೇ. ನಗಬೇಡಿ, ಫ್ರೀಜ್ ಆಗಿದೆ ಅಂತ ಬರುವ ದೂರುಗಳಲ್ಲಿ ಇದೂ ಒಂದು.

ಮುಂದಿನ ಹೆಜ್ಜೆಗೂ ಖರ್ಚಿಲ್ಲ. ಸ್ಕೋಪಿನ ಮುಂದೆ ಪ್ರೋಬ್ ಸರಿಹೊಂದಿಸಲು ಒಂದು ಪುಟ್ಟ ಲೋಹದ ಕೊಂಡಿ ಇರುತ್ತದೆ. ಅದರಲ್ಲಿ ಸಾಮಾನ್ಯವಾಗಿ 1 ಕಿಲೋಹರ್ಟ್ಜ್‌ನ ಚೌಕ ಅಲೆ ಬರುತ್ತಿರುತ್ತದೆ. ಡೀಫಾಲ್ಟ್ ಸೆಟಪ್ ಬಟನ್ ಒತ್ತಿ, ಪ್ರೋಬನ್ನು ಚಾನೆಲ್ 1ಕ್ಕೆ ಹಾಕಿ, ತುದಿಯನ್ನು ಆ ಕೊಂಡಿಗೆ ಸಿಕ್ಕಿಸಿ, ಕ್ಲಿಪ್ಪನ್ನು ಪಕ್ಕದ ಗ್ರೌಂಡಿಗೆ ಹಾಕಿ. 500 ಮೈಕ್ರೊಸೆಕೆಂಡ್ ಪ್ರತಿ ಚೌಕ (ಸ್ಕ್ರೀನಿನಲ್ಲಿ ಗೀಟು ಹಾಕಿದ ಮನೆ) ಇಟ್ಟು, ಲೆವೆಲ್ಲನ್ನು ಅಲೆಯ ಮಧ್ಯಕ್ಕೆ ತನ್ನಿ. ಎರಡೆರಡು ಚೌಕಕ್ಕೆ ಒಂದು ಸುತ್ತು ಅಲುಗಾಡದೆ ನಿಂತರೆ ಸ್ಕೋಪ್, ಪ್ರೋಬ್, ಟ್ರಿಗರ್ ಮೂರೂ ಆರೋಗ್ಯವಾಗಿವೆ, ತೊಂದರೆ ನಿಮ್ಮ ಸಿಗ್ನಲ್ ಮತ್ತು ಸೆಟ್ಟಿಂಗ್ ನಡುವೆ ಇದೆ. ಇಲ್ಲೇ ನಿಲ್ಲದಿದ್ದರೆ ನೇರ ಕೊನೆಯ ಭಾಗಕ್ಕೆ ಹೋಗಿ.

ಆಟೋಸೆಟ್ ಬಟನ್ ಬಗ್ಗೆ ನನ್ನ ಅಭಿಪ್ರಾಯ: ಹೊಸ ಬೋರ್ಡಿನಲ್ಲಿ ಏನಾದರೂ ಬರುತ್ತಿದೆಯಾ ಅಂತ ನೋಡಲು ಪರವಾಗಿಲ್ಲ. ದೋಷ ಹುಡುಕುವಾಗ ಬೇಡ. ನೀವು ಇಟ್ಟ ಎಲ್ಲ ಸೆಟ್ಟಿಂಗನ್ನೂ ಅದು ಅಳಿಸಿಬಿಡುತ್ತದೆ, ಯಾವುದು ತಪ್ಪಾಗಿತ್ತು ಅನ್ನುವುದು ಆಮೇಲೆ ತಿಳಿಯುವುದೇ ಇಲ್ಲ. ಬಹಳ ನಿಧಾನದ, ಅಪರೂಪಕ್ಕೆ ಬರುವ ಸಿಗ್ನಲ್‌ಗಳಲ್ಲಂತೂ ಅದು ಸುಮ್ನೆ ಕೈಚೆಲ್ಲುತ್ತದೆ.

## ಗೆರೆ ಪಕ್ಕಕ್ಕೆ ಓಡುತ್ತಲೇ ಇದೆ, ಮೇಲೆ "ಆಟೋ" ಅಂತಿದೆ

ಅತಿ ಸಾಮಾನ್ಯ ದೂರು ಇದೇ. ಮೊದಲು ಲೆವೆಲ್ ಬಾಣ ನೋಡಿ. ಸ್ಕ್ರೀನಿನ ಬದಿಯಲ್ಲಿ ಪುಟ್ಟ ಬಾಣ ಇರುತ್ತದೆ, ಅದರ ಎತ್ತರಕ್ಕೆ ಅಡ್ಡ ಗೆರೆ ಎಳೆದರೆ ಅದು ಸಿಗ್ನಲ್ಲನ್ನು ಕತ್ತರಿಸಬೇಕು. ಸಿಗ್ನಲ್ 0ರಿಂದ 3.3 ವೋಲ್ಟ್ ಇದ್ದು ಲೆವೆಲ್ 5 ವೋಲ್ಟ್‌ಗೆ ಇದ್ದರೆ ಅದು ಎಂದಿಗೂ ದಾಟುವುದಿಲ್ಲ. ಹಲವು ಮಾಡೆಲ್‌ಗಳಲ್ಲಿ ಲೆವೆಲ್ ನಾಬನ್ನು ಒಳಗೆ ಒತ್ತಿದರೆ ಲೆವೆಲ್ ಸಿಗ್ನಲ್‌ನ ನಡುವಿಗೆ ಬಂದು ಕೂರುತ್ತದೆ, ಕೆಲವದರಲ್ಲಿ ಸೊನ್ನೆಗೆ ಹೋಗುತ್ತದೆ. ಒತ್ತಿ, ಬಾಣ ಎಲ್ಲಿ ಹೋಯಿತು ಅಂತ ಕಣ್ಣಲ್ಲೇ ನೋಡಿ.

ಲೆವೆಲ್ ಸರಿ ಇದ್ದರೆ ಸೋರ್ಸ್ ನೋಡಿ. ಸಿಗ್ನಲ್ ಚಾನೆಲ್ 1ರಲ್ಲಿ, ಟ್ರಿಗರ್ ಸೋರ್ಸ್ ಚಾನೆಲ್ 2ರಲ್ಲಿ ಇದ್ದರೆ ಸ್ಕೋಪ್ ಖಾಲಿ ತಂತಿಯನ್ನು ನೋಡುತ್ತಾ ಕೂತಿರುತ್ತದೆ. ಸೋರ್ಸ್ "ಲೈನ್" ಅಂತಿದ್ದರೆ ಲಕ್ಷಣ ಬೇರೆ: ಮೇಲೆ "ಟ್ರಿಗ್ಡ್" ಅಂತಲೇ ಇರುತ್ತದೆ, ಯಾಕೆಂದರೆ ಮೇನ್ಸ್‌ನ 50 ಅಥವಾ 60 ಹರ್ಟ್ಜ್ ಸದಾ ಸಿಗುತ್ತದೆ, ಆದರೆ ನಿಮ್ಮ ಸಿಗ್ನಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಈ ಲೈನ್ ಸೋರ್ಸ್ ಕೆಲಸಕ್ಕೆ ಬಾರದ್ದೇನಲ್ಲ. ಆಡಿಯೋ ಔಟ್‌ಪುಟ್ಟಿನಲ್ಲಿ ಇರುವ ಹಮ್ (ಗುಂಯ್ ಅನ್ನುವ ಸದ್ದು) ಮೇನ್ಸ್‌ನಿಂದ ಬರುತ್ತಿದೆಯಾ ಅಂತ ನೋಡಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಲೈನ್‌ಗೆ ಹಾಕಿದಾಗ ಹಮ್ಮಿನ ಗೆರೆ ಓಡದೆ ನಿಂತುಬಿಟ್ಟರೆ ಕಾರಣ ಮೇನ್ಸ್.

ಆಮೇಲೆ ಸಿಗ್ನಲ್‌ನ ಎತ್ತರ. ಟ್ರಿಗರ್‌ಗೆ ಸಿಗ್ನಲ್ ಕಾಣಬೇಕಾದರೆ ಅದು ಒಂದು ಚೌಕದ ಒಂದಿಷ್ಟು ಭಾಗವಾದರೂ ಎತ್ತರ ಇರಬೇಕು. ಸ್ಕ್ರೀನಿನಲ್ಲಿ ಇರುವೆ ಸಾಲಿನಂತೆ ಕಾಣುವ ಸಿಗ್ನಲ್ ಮೇಲೆ ಟ್ರಿಗರ್ ಕೂರುವುದಿಲ್ಲ. ವೋಲ್ಟ್ ಪ್ರತಿ ಚೌಕವನ್ನು ಕಡಿಮೆ ಮಾಡಿ ಸಿಗ್ನಲ್ ನಾಲ್ಕೈದು ಚೌಕ ತುಂಬುವಂತೆ ಮಾಡಿ.

ಇಲ್ಲೇ ಪ್ರೋಬಿನ ಸ್ವಿಚ್ ಕೂಡ ನೋಡಿ. ಪ್ರೋಬ್ 10ಎಕ್ಸ್‌ನಲ್ಲಿದ್ದು (ಸಿಗ್ನಲ್ಲನ್ನು ಹತ್ತನೇ ಒಂದಕ್ಕೆ ಇಳಿಸುವ ಸ್ಥಾನ) ಸ್ಕೋಪ್ ಮೆನುವಿನಲ್ಲಿ 1ಎಕ್ಸ್ ಅಂತಿದ್ದರೆ ಸ್ಕೋಪ್ ತೋರಿಸುವ ವೋಲ್ಟೇಜ್ ನಿಜಕ್ಕಿಂತ ಹತ್ತು ಪಟ್ಟು ಕಡಿಮೆ. 3.3 ವೋಲ್ಟ್ ಸಿಗ್ನಲ್ 0.33 ಅಂತ ಕಾಣುತ್ತದೆ, ನೀವು ಲೆಕ್ಕ ಹಾಕಿ ಇಟ್ಟ 1.6 ವೋಲ್ಟ್ ಲೆವೆಲ್ ಅದರ ತಲೆಯ ಮೇಲೆ ಎಲ್ಲೋ ತೇಲುತ್ತಿರುತ್ತದೆ.

ಕೊನೆಗೆ ಕಪ್ಲಿಂಗ್, ಅಂದರೆ ಸಿಗ್ನಲ್‌ನ ಯಾವ ಭಾಗವನ್ನು ಒಳಗೆ ಬಿಡಬೇಕು ಅನ್ನುವ ಸೆಟ್ಟಿಂಗ್. ಟ್ರಿಗರ್ ಮೆನುವಿನ ಕಪ್ಲಿಂಗ್ ಬೇರೆ, ಚಾನೆಲ್‌ನ ಕಪ್ಲಿಂಗ್ ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ. ಟ್ರಿಗರ್ ಕಪ್ಲಿಂಗ್ "ಎಚ್‌ಎಫ್ ರಿಜೆಕ್ಟ್" ಆಗಿದ್ದರೆ ಹತ್ತಾರು ಕಿಲೋಹರ್ಟ್ಜ್ ಮೇಲಿನದೆಲ್ಲ ಟ್ರಿಗರ್‌ಗೆ ಮಂಕಾಗುತ್ತದೆ. 8 ಮೆಗಾಹರ್ಟ್ಜ್ ಕ್ಲಾಕ್ ಸ್ಕ್ರೀನಿನಲ್ಲಿ ಚೆನ್ನಾಗಿ ಕಾಣುತ್ತದೆ, ಟ್ರಿಗರ್ ಮಾತ್ರ ಆಗುವುದಿಲ್ಲ. "ಎಲ್‌ಎಫ್ ರಿಜೆಕ್ಟ್" ಆಗಿದ್ದರೆ ಇದರ ಉಲ್ಟಾ. ಗೊಂದಲವಾದರೆ ಏನನ್ನೂ ತಡೆಯದ ಡಿಸಿಗೆ ಹಾಕಿ, ಅಲ್ಲಿಂದ ಶುರು ಮಾಡಿ.

ಗೆರೆ ಓಡುತ್ತಿದೆ, ಅದೂ ದಪ್ಪ ಸೈನ್ ಅಲೆಯಂತೆ ಕಾಣುತ್ತಿದೆ, ಸುತ್ತು ಸುಮಾರು 20 ಮಿಲಿಸೆಕೆಂಡ್ (60 ಹರ್ಟ್ಜ್ ಇರುವಲ್ಲಿ 16.7) ಅಂತಿದ್ದರೆ ನೀವು ನೋಡುತ್ತಿರುವುದು ನಿಮ್ಮ ಸಿಗ್ನಲ್ಲನ್ನಲ್ಲ, ಮೇನ್ಸ್‌ನ ಹಮ್ಮನ್ನು. ಗ್ರೌಂಡ್ ಕ್ಲಿಪ್ ಕಳಚಿಕೊಂಡಿದೆ, ಇಲ್ಲವೇ ಪ್ರೋಬ್ ತುದಿ ಎಲ್ಲೂ ತಾಗುತ್ತಿಲ್ಲ.

## ಸ್ಕ್ರೀನ್ ಖಾಲಿ, ಅಥವಾ ಹಳೆಯ ಚಿತ್ರವೇ ನಿಂತಿದೆ

ಮೇಲೆ "ರೆಡಿ" ಇದ್ದರೆ ಮೋಡ್ ನಾರ್ಮಲ್ ಇಲ್ಲವೇ ಸಿಂಗಲ್‌ನಲ್ಲಿದೆ. ನಾರ್ಮಲ್ ಮೋಡ್ ಗುರುತು ಸಿಗುವವರೆಗೆ ಹೊಸದೇನೂ ಬಿಡಿಸುವುದಿಲ್ಲ, ಹಳೆಯದನ್ನೇ ಹಿಡಿದುಕೊಂಡಿರುತ್ತದೆ. ಅಪಾಯ ಇರುವುದು ಇಲ್ಲೇ: ಬೋರ್ಡ್ ಸತ್ತಿದ್ದರೂ ಐದು ನಿಮಿಷ ಹಿಂದಿನ ಸುಂದರ ಅಲೆ ಕಾಣುತ್ತಿರುತ್ತದೆ, ನೀವು ಎಲ್ಲ ಸರಿ ಇದೆ ಅಂದುಕೊಂಡು ಬೇರೆ ಕಡೆ ಹುಡುಕುತ್ತೀರಿ. ಸಂಶಯ ಬಂದರೆ ಮೇಲಿನ ಪದ ನೋಡಿ. ಅದು "ಟ್ರಿಗ್ಡ್" ಆಗದೆ "ರೆಡಿ"ಯಲ್ಲೇ ನಿಂತಿದ್ದರೆ ಚಿತ್ರ ಹಳೆಯದು.

ಆಟೋ ಮೋಡಿಗೆ ತಿರುಗಿಸಿ. ಸಿಗ್ನಲ್ ಓಡುತ್ತಾ ಕಂಡರೆ ಹಿಂದಿನ ಭಾಗದ ಪರೀಕ್ಷೆಗಳು. ಚಪ್ಪಟೆ ಗೆರೆ ಕಂಡರೆ ಸಿಗ್ನಲ್ಲೇ ಇಲ್ಲ, ಇಲ್ಲವೇ ಅಳತೆ ತೀರಾ ದೊಡ್ಡದು. ಯಾವ ಗೆರೆಯೂ ಕಾಣದಿದ್ದರೆ ಚಾನೆಲ್ ಆಫ್ ಇರಬಹುದು, ಅಥವಾ ಪೊಸಿಷನ್ ನಾಬ್ ಗೆರೆಯನ್ನು ಸ್ಕ್ರೀನಿನ ಆಚೆ ತಳ್ಳಿರಬಹುದು.

ಅಡ್ಡಕ್ಕೂ ಹೀಗೆ ಆಗುತ್ತದೆ. ಸ್ಕ್ರೀನಿನ ಮೇಲೆ ಟ್ರಿಗರ್ ಜಾಗವನ್ನು ತೋರಿಸುವ ಒಂದು ಪುಟ್ಟ ಗುರುತು ಇರುತ್ತದೆ. ಅದು ಅಂಚಿಗೆ ಹೋಗಿ ಬಾಣವಾಗಿಬಿಟ್ಟಿದ್ದರೆ ನೀವು ಟ್ರಿಗರ್ ಆದ ಕ್ಷಣದಿಂದ ಬಹಳ ದೂರದ ಭಾಗವನ್ನು ನೋಡುತ್ತಿದ್ದೀರಿ. ಹಾರಿಜಾಂಟಲ್ ಪೊಸಿಷನ್ ನಾಬ್ ಒತ್ತಿದರೆ ಹೆಚ್ಚಿನ ಸ್ಕೋಪ್‌ಗಳಲ್ಲಿ ಸೊನ್ನೆಗೆ ಬರುತ್ತದೆ.

## "ಟ್ರಿಗ್ಡ್" ಅಂತಿದೆ, ಆದರೂ ಎರಡು ಮೂರು ಚಿತ್ರ ಒಂದರ ಮೇಲೊಂದು

ಇದಕ್ಕೆ ಎರಡು ಬೇರೆ ಕಾರಣ ಇವೆ, ಚಿತ್ರ ನೋಡಿಯೇ ಬೇರ್ಪಡಿಸಬಹುದು.

ಟ್ರಿಗರ್ ಜಾಗದಲ್ಲಿ ಏರುವ ಗೆರೆಯೂ ಇಳಿಯುವ ಗೆರೆಯೂ ಒಟ್ಟಿಗೆ ಬಂದು ಗುಣಾಕಾರದ ಚಿಹ್ನೆಯಂತೆ ಕಂಡರೆ ಅದು ನಾಯ್ಸ್ ಕೆಲಸ. ನೀವು ಏರುವ ಅಂಚು ಅಂತ ಹೇಳಿದ್ದೀರಿ, ಸರಿ. ಆದರೆ ನಿಧಾನವಾಗಿ ಇಳಿಯುತ್ತಿರುವ ಅಲೆಯ ಮೇಲೆ ನಾಯ್ಸ್ ಕೂತಿದ್ದರೆ ಅದು ಲೆವೆಲ್ ಹತ್ತಿರ ಬಂದಾಗ ಮೇಲೆ ಕೆಳಗೆ ಪುಟಿಯುತ್ತಾ ಹಲವು ಸಲ ದಾಟುತ್ತದೆ, ಆ ಪುಟಿತದಲ್ಲೂ ಏರುವ ಅಂಚು ಇರುತ್ತದೆ ಅಲ್ವಾ, ಸ್ಕೋಪ್ ಅದನ್ನೂ ಹಿಡಿಯುತ್ತದೆ. ಹೋಗಲಾಡಿಸಲು ಸುಲಭದಿಂದ ಶುರು ಮಾಡಿ: ಪ್ರೋಬಿನ ಗ್ರೌಂಡ್ ತಂತಿ ಗಿಡ್ಡ ಮಾಡಿ, ಆಮೇಲೆ ಲೆವೆಲ್ಲನ್ನು ಅಲೆ ಅತಿ ಕಡಿದಾಗಿರುವ ಜಾಗಕ್ಕೆ ತನ್ನಿ. ಆಮೇಲೆ ಟ್ರಿಗರ್ ಮೆನುವಿನಲ್ಲಿ ನಾಯ್ಸ್ ರಿಜೆಕ್ಟ್ ಆನ್ ಮಾಡಿ. ಇದು ಲೆವೆಲ್‌ನ ಸುತ್ತ ಇರುವ ಪಟ್ಟಿಯನ್ನು ಅಗಲ ಮಾಡುತ್ತದೆ, ಸಿಗ್ನಲ್ ಆ ಪಟ್ಟಿಯನ್ನು ಪೂರ್ತಿ ದಾಟಿದರೆ ಮಾತ್ರ ಲೆಕ್ಕ. ಬದಲಿಗೆ ಸಣ್ಣ ಸಿಗ್ನಲ್‌ಗಳು ಸಿಗದೇ ಹೋಗಬಹುದು. ಸಿಗ್ನಲ್ ನಿಧಾನದ್ದಾಗಿದ್ದರೆ ಎಚ್‌ಎಫ್ ರಿಜೆಕ್ಟ್ ಚೆನ್ನಾಗಿ ಕೆಲಸ ಮಾಡುತ್ತದೆ.

ಆವರೇಜ್ ಮೋಡ್ ಹಾಕಿ ನಾಯ್ಸ್ ಅಳಿಸೋಣ ಅಂತ ಹೊರಡಬೇಡಿ. ಆವರೇಜ್ ಆಗುವುದು ಟ್ರಿಗರ್ ಆದ ಮೇಲೆ. ಜಾಗ ತಪ್ಪಿದ ಚಿತ್ರಗಳನ್ನು ಸೇರಿಸಿ ಭಾಗಿಸಿದರೆ ಬರುವುದು ನುಣುಪಾದ, ಕುಗ್ಗಿದ, ಪೂರ್ತಿ ಸುಳ್ಳು ಅಲೆ. ನೋಡಲು ಬಹಳ ಚೆನ್ನಾಗಿರುತ್ತದೆ, ಅದೇ ತೊಂದರೆ.

ಎರಡನೆಯ ಕಾರಣ ಸಿಗ್ನಲ್ಲಿನ ಸ್ವಭಾವ. ಯುಎಆರ್‌ಟಿ, ಐ2ಸಿ (ಚಿಪ್‌ಗಳು ಬಿಟ್ ಬಿಟ್ಟಾಗಿ ಡೇಟಾ ಕಳಿಸುವ ಸೀರಿಯಲ್ ಪದ್ಧತಿಗಳು), ರಿಮೋಟ್‌ನ ಪಲ್ಸ್ ಸಾಲು ಇಂಥವು ಗುಂಪು ಗುಂಪಾಗಿ ಬರುತ್ತವೆ. ಒಂದು ಗುಂಪಿನಲ್ಲಿ ಹತ್ತಾರು ಅಂಚು ಇರುತ್ತವೆ, ಎಲ್ಲವೂ ಒಂದೇ ಎತ್ತರ. ಸ್ಕೋಪಿಗೆ ಯಾವುದು ಮೊದಲನೆಯದು ಅಂತ ಗೊತ್ತಿಲ್ಲ. ಒಂದು ಸಲ ಮೊದಲ ಅಂಚು, ಮುಂದಿನ ಸಲ ಏಳನೆಯದು. ಚಿತ್ರಗಳು ಸ್ಪಷ್ಟ, ಚೂಪು, ಆದರೆ ಒಂದರ ಮೇಲೊಂದು ಹೇರಿಕೊಂಡಿರುತ್ತವೆ. ಇಲ್ಲಿ ಲೆವೆಲ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಬೇಕಾಗಿರುವುದು ಹೋಲ್ಡಾಫ್: ಒಮ್ಮೆ ಟ್ರಿಗರ್ ಆದ ಮೇಲೆ ಇಷ್ಟು ಹೊತ್ತು ಕಣ್ಣು ಮುಚ್ಚಿಕೊಂಡಿರು ಅನ್ನುವ ಸೆಟ್ಟಿಂಗ್.

ಒಂದು ಲೆಕ್ಕ ಮಾಡಿಯೇ ತೋರಿಸುತ್ತೇನೆ. 9600 ಬಾಡ್ ಯುಎಆರ್‌ಟಿ ಅಂದರೆ ಒಂದು ಬಿಟ್ ಸುಮಾರು 104 ಮೈಕ್ರೊಸೆಕೆಂಡ್. ಸ್ಟಾರ್ಟ್, ಎಂಟು ಡೇಟಾ, ಸ್ಟಾಪ್ ಸೇರಿ ಒಂದು ಬೈಟ್‌ಗೆ 10 ಬಿಟ್, ಅಂದರೆ 1.04 ಮಿಲಿಸೆಕೆಂಡ್. ಎಂಟು ಬೈಟ್‌ನ ಪ್ಯಾಕೆಟ್ ಸುಮಾರು 8.3 ಮಿಲಿಸೆಕೆಂಡ್. ಅದು ಪ್ರತಿ 20 ಮಿಲಿಸೆಕೆಂಡಿಗೆ ಒಮ್ಮೆ ಬರುತ್ತಿದೆ ಅಂದುಕೊಳ್ಳಿ. ಹೋಲ್ಡಾಫ್ 10 ಮಿಲಿಸೆಕೆಂಡ್ ಇಟ್ಟು, ಇಳಿಯುವ ಅಂಚು ಆರಿಸಿ (ಯುಎಆರ್‌ಟಿ ಸುಮ್ಮನಿದ್ದಾಗ ಮೇಲಿರುತ್ತದೆ, ಸ್ಟಾರ್ಟ್ ಬಿಟ್ ಕೆಳಗೆ ಬರುತ್ತದೆ). ಮೊದಲ ಸಲ ಪ್ಯಾಕೆಟ್ಟಿನ ಮಧ್ಯೆ, 5ನೇ ಮಿಲಿಸೆಕೆಂಡಿನಲ್ಲಿ ಸಿಕ್ಕಿತು ಅನ್ನೋಣ. 15ರವರೆಗೆ ಸ್ಕೋಪ್ ಕಣ್ಣು ಮುಚ್ಚಿರುತ್ತದೆ. ತೆರೆಯುವಾಗ ಲೈನ್ ಖಾಲಿ. ಮುಂದಿನ ಅಂಚು 20ನೇ ಮಿಲಿಸೆಕೆಂಡಿನಲ್ಲಿ, ಅದೇ ಹೊಸ ಪ್ಯಾಕೆಟ್ಟಿನ ಮೊದಲ ಅಂಚು. ಅಲ್ಲಿಂದ ಮುಂದೆ ಕಚ್ಚಿಕೊಂಡುಬಿಡುತ್ತದೆ. ನಿಯಮ ಇಷ್ಟೇ: ಹೋಲ್ಡಾಫ್ ಗುಂಪಿನ ಉದ್ದಕ್ಕಿಂತ ಜಾಸ್ತಿ, ಗುಂಪಿನಿಂದ ಗುಂಪಿಗೆ ಇರುವ ಸಮಯಕ್ಕಿಂತ ಕಡಿಮೆ. ಪ್ಯಾಕೆಟ್‌ಗಳ ನಡುವಿನ ಬಿಡುವು ಪ್ರತಿ ಸಲ ಬದಲಾಗುತ್ತಿದ್ದರೆ ಅತಿ ಗಿಡ್ಡ ಬಿಡುವಿನ ಲೆಕ್ಕ ಹಿಡಿಯಿರಿ. ಸ್ಕೋಪಿನಲ್ಲಿ ಸೀರಿಯಲ್ ಟ್ರಿಗರ್ ಇದ್ದರೆ ಈ ತಲೆನೋವೇ ಇಲ್ಲ, ನೇರ ಸ್ಟಾರ್ಟ್ ಕಂಡೀಷನ್ ಅಥವಾ ಬೈಟ್ ಬೆಲೆ ಕೊಡಬಹುದು.

ಕೆಲಸ ಮುಗಿದ ಮೇಲೆ ಹೋಲ್ಡಾಫ್ ಕನಿಷ್ಠಕ್ಕೆ ಇಳಿಸಿಬಿಡಿ. ಮರೆತುಹೋದ ಹೋಲ್ಡಾಫ್ ಮುಂದಿನ ದಿನ "ಸ್ಕೋಪ್ ಬಹಳ ನಿಧಾನ ಆಗಿದೆ" ಅನ್ನುವ ದೂರಾಗಿ ಬರುತ್ತದೆ.

ಇನ್ನೊಂದು, ಇದು ದೋಷವೇ ಅಲ್ಲ: ಪಿಡಬ್ಲ್ಯುಎಂ (ಪಲ್ಸ್‌ನ ಅಗಲ ಬದಲಿಸಿ ನಿಯಂತ್ರಿಸುವ) ಸಿಗ್ನಲ್‌ನಲ್ಲಿ ಏರುವ ಅಂಚು ಕಲ್ಲಿನಂತೆ ನಿಂತು, ಇಳಿಯುವ ಅಂಚು ಮಾತ್ರ ಅತ್ತಿತ್ತ ಅಲುಗಿದರೆ ಡ್ಯೂಟಿ (ಸಿಗ್ನಲ್ ಮೇಲಿರುವ ಹೊತ್ತಿನ ಪಾಲು) ಬದಲಾಗುತ್ತಿದೆ. ಸರ್ಕ್ಯೂಟ್ ಅದನ್ನು ಬೇಕೆಂದೇ ಮಾಡುತ್ತಿರಬಹುದು.

## "ಟ್ರಿಗ್ಡ್" ಅಂತಿದೆ, ಅಲೆ ಮಾತ್ರ ತೆವಳುತ್ತಿದೆ ಅಥವಾ ವಿಚಿತ್ರವಾಗಿದೆ

ಹಳೆಯ ಅನಲಾಗ್ ಸ್ಕೋಪ್ ಬಳಸಿದವರು ಇಲ್ಲಿ ಜಾಸ್ತಿ ಮೋಸ ಹೋಗುತ್ತಾರೆ, ಅದರಲ್ಲಿ ಈ ಕಾಯಿಲೆ ಇರಲಿಲ್ಲ. ಇದು ಏಲಿಯಾಸಿಂಗ್.

ಡಿಜಿಟಲ್ ಸ್ಕೋಪಿನ ಸ್ಯಾಂಪಲ್ ದರ ಪೆಟ್ಟಿಗೆಯ ಮೇಲೆ ಬರೆದಷ್ಟೇ ಸದಾ ಇರುವುದಿಲ್ಲ. ಸ್ಕ್ರೀನಿನಲ್ಲಿ ಉದ್ದ ಸಮಯ ತೋರಿಸಬೇಕಾದರೆ, ಮೆಮೊರಿ ಅಷ್ಟೇ ಇರುವುದರಿಂದ ದರ ಇಳಿಸಲೇಬೇಕು. 10,000 ಪಾಯಿಂಟ್ ಮೆಮೊರಿ, 12 ಚೌಕ, 10 ಮಿಲಿಸೆಕೆಂಡ್ ಪ್ರತಿ ಚೌಕ. ಒಟ್ಟು 120 ಮಿಲಿಸೆಕೆಂಡ್. ಸೆಕೆಂಡಿಗೆ ಸುಮಾರು 83,000 ಸ್ಯಾಂಪಲ್ ಮಾತ್ರ ಸಿಕ್ಕಿತು. ಅದರ ಅರ್ಧ, ಸುಮಾರು 41 ಕಿಲೋಹರ್ಟ್ಜ್ ಮೇಲಿನದನ್ನು ಈ ಚಿತ್ರ ನಂಬಿಕೆಯಿಂದ ತೋರಿಸಲಾರದು. 1 ಮೆಗಾಹರ್ಟ್ಜ್ ಕ್ಲಾಕ್ ಹಾಕಿದರೆ ನಿಜಕ್ಕಿಂತ ಬಹಳ ನಿಧಾನದ ಸುಳ್ಳು ಅಲೆ ಕಾಣುತ್ತದೆ, ಮತ್ತು ಅದು ನಿಲ್ಲುವುದಿಲ್ಲ.

ಹಾಗಾದರೆ "ಟ್ರಿಗ್ಡ್" ಅಂತ ಯಾಕೆ ಬರುತ್ತದೆ? ಹೆಚ್ಚಿನ ಸ್ಕೋಪ್‌ಗಳಲ್ಲಿ ಟ್ರಿಗರ್ ಸರ್ಕ್ಯೂಟ್ ಈ ಇಳಿದ ದರವನ್ನು ನೋಡುವುದೇ ಇಲ್ಲ, ಅದಕ್ಕೆ ನಿಜವಾದ ಸಿಗ್ನಲ್ ಕಾಣುತ್ತಿರುತ್ತದೆ. ಇದರಿಂದಲೇ ಒಳ್ಳೆಯ ಸುಳಿವು ಸಿಗುತ್ತದೆ: ಟ್ರಿಗರ್‌ನ ಫ್ರೀಕ್ವೆನ್ಸಿ ಕೌಂಟರ್ 1 ಮೆಗಾಹರ್ಟ್ಜ್ ಅನ್ನುತ್ತಿದ್ದು, ಸ್ಕ್ರೀನಿನಲ್ಲಿ ಚೌಕ ಎಣಿಸಿದರೆ ಅದಕ್ಕೆ ತಾಳೆಯಾಗದಿದ್ದರೆ ಚಿತ್ರ ಸುಳ್ಳು. ಟೈಮ್‌ಬೇಸನ್ನು (ಪ್ರತಿ ಚೌಕದ ಸಮಯ) ಒಂದೊಂದೇ ಹೆಜ್ಜೆ ವೇಗ ಮಾಡುತ್ತಾ ಹೋಗಿ. ನಿಜವಾದ ಅಲೆ ಹೆಜ್ಜೆಗೆ ತಕ್ಕಂತೆ ಹಿಗ್ಗುತ್ತದೆ. ಸುಳ್ಳು ಅಲೆ ರೂಪವನ್ನೇ ಬದಲಿಸುತ್ತದೆ.

## ನಿಧಾನದ ಸಿಗ್ನಲ್, ಹಾರುತ್ತಲೇ ಇದೆ

ಸೆಕೆಂಡಿಗೆ ಒಮ್ಮೆ ಮಿನುಗುವ ಎಲ್‌ಇಡಿಯ ಸಿಗ್ನಲ್ಲನ್ನು ಆಟೋ ಮೋಡಿನಲ್ಲಿ ನಿಲ್ಲಿಸಲು ಹೊರಟರೆ ಆಗುವುದಿಲ್ಲ. ಆಟೋ ಸ್ವಲ್ಪ ಹೊತ್ತು ಕಾದು, ಅಂಚು ಬರುವ ಮುಂಚೆಯೇ ತಾನಾಗಿ ಚಿತ್ರ ಬಿಡಿಸಿಬಿಡುತ್ತದೆ. ನಾರ್ಮಲ್‌ಗೆ ಹಾಕಿ, ಮುಗಿಯಿತು. ಇನ್ನೂ ನಿಧಾನದ ಟೈಮ್‌ಬೇಸಿನಲ್ಲಿ, ಸಾಮಾನ್ಯವಾಗಿ 50 ಅಥವಾ 100 ಮಿಲಿಸೆಕೆಂಡ್ ಪ್ರತಿ ಚೌಕದಿಂದಾಚೆ, ಹಲವು ಸ್ಕೋಪ್‌ಗಳು ಆಟೋದಲ್ಲಿದ್ದಾಗ ರೋಲ್ ಮೋಡಿಗೆ ಹೋಗುತ್ತವೆ. ಗೆರೆ ಬಲದಿಂದ ಎಡಕ್ಕೆ ಹರಿಯುತ್ತದೆ. ಅದರಲ್ಲಿ ಟ್ರಿಗರ್ ಕೆಲಸವೇ ಮಾಡುವುದಿಲ್ಲ, ಹಾಗಾಗಿ ಲೆವೆಲ್ ನಾಬ್ ತಿರುಗಿಸುವುದು ವ್ಯರ್ಥ.

## ಒಂದು ಚಾನೆಲ್ ನಿಂತಿದೆ, ಇನ್ನೊಂದು ಓಡುತ್ತಿದೆ

ಎರಡೂ ಸಿಗ್ನಲ್ ಬೇರೆ ಬೇರೆ ಕ್ರಿಸ್ಟಲ್‌ನಿಂದ (ಕ್ಲಾಕ್‌ನ ತಾಳ ಕೊಡುವ ಬಿಡಿಭಾಗ) ಬರುತ್ತಿದ್ದರೆ ಹೀಗೇ ಕಾಣಬೇಕು. ಎರಡರ ಮೇಲೂ "8 ಮೆಗಾಹರ್ಟ್ಜ್" ಅಂತ ಬರೆದಿದ್ದರೂ ನಿಜವಾಗಿ ಒಂದಿಷ್ಟು ಹರ್ಟ್ಜ್ ವ್ಯತ್ಯಾಸ ಇರುತ್ತದೆ, ಒಂದನ್ನು ಹಿಡಿದರೆ ಇನ್ನೊಂದು ಜಾರುತ್ತದೆ. ಸೋರ್ಸ್ ಬದಲಾಯಿಸಿ ನೋಡಿ, ನಿಂತದ್ದು ಓಡಿ ಓಡುತ್ತಿದ್ದದ್ದು ನಿಂತರೆ ಸ್ಕೋಪ್ ಸರಿ ಇದೆ. ಕೆಲವು ಮಾಡೆಲ್‌ಗಳಲ್ಲಿ ಆಲ್ಟರ್ನೇಟ್ ಟ್ರಿಗರ್ ಇರುತ್ತದೆ, ಎರಡನ್ನೂ ನಿಲ್ಲಿಸಿ ತೋರಿಸುತ್ತದೆ. ಆದರೆ ಆಗ ಎರಡರ ನಡುವಿನ ಸಮಯವನ್ನು ಓದಲೇಬೇಡಿ, ಅದಕ್ಕೆ ಅರ್ಥ ಇಲ್ಲ.

ಎರಡಕ್ಕೂ ಸಂಬಂಧ ಇದ್ದರೆ, ಉದಾಹರಣೆಗೆ 1 ಮೆಗಾಹರ್ಟ್ಜ್ ಮತ್ತು ಅದನ್ನು ಹತ್ತರಿಂದ ಭಾಗಿಸಿದ್ದು, ಯಾವಾಗಲೂ ನಿಧಾನದ ಸಿಗ್ನಲ್ಲಿನ ಮೇಲೆ ಟ್ರಿಗರ್ ಮಾಡಿ. ವೇಗದ್ದರ ಮೇಲೆ ಮಾಡಿದರೆ ಹತ್ತು ಅಂಚುಗಳಲ್ಲಿ ಯಾವುದಾದರೂ ಒಂದು ಸಿಗುತ್ತದೆ.

## ಅಪರೂಪಕ್ಕೆ ಬರುವ ಗ್ಲಿಚ್ (ಕ್ಷಣಿಕ ತಪ್ಪು) ಸಿಗುತ್ತಲೇ ಇಲ್ಲ

ಬೋರ್ಡ್ ಆಗಾಗ ರೀಸೆಟ್ ಆಗುತ್ತದೆ, ಸ್ಕೋಪಿನಲ್ಲಿ ನೋಡಿದರೆ ಎಲ್ಲ ಚೆನ್ನಾಗಿದೆ. ಕಣ್ಣಿಟ್ಟು ಕಾಯುವುದರಿಂದ ಏನೂ ಸಿಗದು. ಚಿತ್ರದಿಂದ ಚಿತ್ರಕ್ಕೆ ನಡುವೆ ಸ್ಕೋಪ್ ಕುರುಡಾಗಿರುತ್ತದೆ. 12 ಮೈಕ್ರೊಸೆಕೆಂಡ್ ಅಗಲದ ಚಿತ್ರವನ್ನು ಸೆಕೆಂಡಿಗೆ ಸಾವಿರ ಸಲ ಹಿಡಿದರೂ ನೋಡಿದ್ದು 12 ಮಿಲಿಸೆಕೆಂಡ್, ಅಂದರೆ 1.2 ಶೇಕಡ. ಹಾಗಾಗಿ ಮಾಮೂಲಿ ಅಂಚಿನ ಮೇಲೆ ಟ್ರಿಗರ್ ಮಾಡದೆ, ತಪ್ಪಿನ ಮೇಲೆಯೇ ಟ್ರಿಗರ್ ಮಾಡಬೇಕು. ಆಗ ತಪ್ಪು ಬರುವವರೆಗೆ ಸ್ಕೋಪ್ ಕಣ್ಣು ಬಿಟ್ಟೇ ಕಾಯುತ್ತದೆ.

3.3 ವೋಲ್ಟ್ ಸಪ್ಲೈ ಕುಸಿಯುತ್ತಿದೆ ಅನ್ನುವ ಅನುಮಾನ ಇದ್ದರೆ: ಚಾನೆಲ್ ಡಿಸಿ ಕಪ್ಲಿಂಗ್, ಇಳಿಯುವ ಅಂಚು, ಲೆವೆಲ್ 3.0 ವೋಲ್ಟ್, ಸಿಂಗಲ್. ಬಿಟ್ಟು ಬೇರೆ ಕೆಲಸ ನೋಡಿ. ರೀಸೆಟ್ ಆಯಿತು, ಸ್ಕೋಪ್ "ರೆಡಿ"ಯಲ್ಲೇ ಇದೆ ಅಂದರೆ ಸಪ್ಲೈ ಅಷ್ಟು ಇಳಿದಿಲ್ಲ, ಬೇರೆ ಕಡೆ ಹುಡುಕಿ. ಇಲ್ಲಿನ ಬಲೆ: ಚಾನೆಲ್ ಎಸಿ ಕಪ್ಲಿಂಗ್‌ನಲ್ಲಿದ್ದರೆ (ಅದು ಸ್ಥಿರ ವೋಲ್ಟೇಜನ್ನು ತಡೆಯುತ್ತದೆ) ಆ 3.3 ಸೊನ್ನೆಯ ಹತ್ತಿರ ಬಂದು ಕೂತಿರುತ್ತದೆ, 3.0 ಲೆವೆಲ್ ಎಂದಿಗೂ ಸಿಗುವುದಿಲ್ಲ.

ಡಿಜಿಟಲ್ ಲೈನಿನಲ್ಲಿ ಸಣ್ಣ ಮುಳ್ಳು ಬರುತ್ತಿದ್ದರೆ ಪಲ್ಸ್ ವಿಡ್ತ್ ಟ್ರಿಗರ್. ಅತಿ ಗಿಡ್ಡ ಸರಿಯಾದ ಪಲ್ಸ್ 500 ನ್ಯಾನೊಸೆಕೆಂಡ್ ಆಗಿದ್ದರೆ "300ಕ್ಕಿಂತ ಕಡಿಮೆ" ಅಂತ ಕೊಡಿ. ಪಲ್ಸ್ ಪೂರ್ತಿ ಎತ್ತರ ಮುಟ್ಟದೆ ಅರ್ಧದಲ್ಲೇ ಬೀಳುತ್ತಿದ್ದರೆ ರಂಟ್ ಟ್ರಿಗರ್, ಅದರಲ್ಲಿ ಎರಡು ಲೆವೆಲ್ ಕೊಡಬೇಕು: ಕೆಳಗಿನದನ್ನು ದಾಟಿ ಮೇಲಿನದನ್ನು ದಾಟದೆ ವಾಪಸಾದದ್ದನ್ನು ಅದು ಹಿಡಿಯುತ್ತದೆ. ಇದು ಸಿಕ್ಕರೆ ಒಂದೇ ಲೈನನ್ನು ಎರಡು ಚಿಪ್‌ಗಳು ಒಟ್ಟಿಗೆ ಎಳೆಯುತ್ತಿವೆಯೇ ಅಂತ ಮೊದಲು ನೋಡಿ.

ಮುಳ್ಳು ಸಿಕ್ಕಿತು ಅಂತ ಕುಣಿಯುವ ಮುಂಚೆ ಗ್ರೌಂಡ್ ತಂತಿ ನೋಡಿ. ಪ್ರೋಬಿನ ಉದ್ದ ಗ್ರೌಂಡ್ ತಂತಿ ವೇಗದ ಅಂಚುಗಳಲ್ಲಿ ತಾನೇ ರಿಂಗಿಂಗ್ (ಅಂಚಿನ ಹಿಂದೆಯೇ ಬರುವ ನಡುಕ) ಹುಟ್ಟಿಸುತ್ತದೆ. ಪ್ರೋಬ್ ಜೊತೆ ಬರುವ ಸ್ಪ್ರಿಂಗ್ ಗ್ರೌಂಡ್ ಹಾಕಿ ಮತ್ತೆ ಹಿಡಿಯಿರಿ. ಮುಳ್ಳು ಮಾಯವಾದರೆ ಅದು ನೀವೇ ತಂದದ್ದು.

ಸಿಂಗಲ್ ಒತ್ತಿದ ಕೂಡಲೇ ಸ್ವಿಚ್ ಹಾಕಿದೆ, ಏನೂ ಸಿಗಲಿಲ್ಲ ಅನ್ನುತ್ತೀರಾ? "ಆರ್ಮ್ಡ್" ಇರುವಾಗ ಬಂದ ಅಂಚನ್ನು ಸ್ಕೋಪ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 1 ಸೆಕೆಂಡ್ ಪ್ರತಿ ಚೌಕ, ಟ್ರಿಗರ್ ಜಾಗ ಸ್ಕ್ರೀನಿನ ನಡುವೆ, ಒಟ್ಟು 12 ಚೌಕ ಅಂದರೆ ಮೊದಲ 6 ಸೆಕೆಂಡ್ ಅದು ಹಿಂದಿನ ಭಾಗ ತುಂಬಿಕೊಳ್ಳುವುದರಲ್ಲೇ ಇರುತ್ತದೆ. "ರೆಡಿ" ಬರುವವರೆಗೆ ಕಾಯಿರಿ, ಇಲ್ಲವೇ ಟ್ರಿಗರ್ ಜಾಗವನ್ನು ಎಡಕ್ಕೆ ತಳ್ಳಿ.

## ಎಲ್ಲಿಗೆ ನಿಲ್ಲಿಸಬೇಕು

ಸ್ಕೋಪಿನದೇ 1 ಕಿಲೋಹರ್ಟ್ಜ್ ಅಲೆ ಡೀಫಾಲ್ಟ್ ಸೆಟಪ್ಪಿನಲ್ಲೂ ನಿಲ್ಲುತ್ತಿಲ್ಲ ಅಂದರೆ ಮೊದಲು ಪ್ರೋಬ್ ಬದಲಾಯಿಸಿ. ತುದಿಯ ಬಳಿ, ಕನೆಕ್ಟರ್ ಬಳಿ ಕೇಬಲ್ ಒಳಗೇ ಮುರಿದಿರುವುದು ಸಾಮಾನ್ಯ, ಬಗ್ಗಿಸಿದಾಗ ಗೆರೆ ಬಂದು ಹೋಗುತ್ತಿದ್ದರೆ ಖಚಿತ. ಅದೇ ಪ್ರೋಬನ್ನು ಚಾನೆಲ್ 2ಕ್ಕೆ ಹಾಕಿ ಸೋರ್ಸ್ ಕೂಡ 2 ಮಾಡಿ. 2ರಲ್ಲಿ ಸರಿ ಹೋಗಿ 1ರಲ್ಲಿ ಆಗದಿದ್ದರೆ ಚಾನೆಲ್ 1ರ ಇನ್‌ಪುಟ್ ಸರ್ಕ್ಯೂಟ್ ಪೆಟ್ಟು ತಿಂದಿದೆ, ಜಾಸ್ತಿ ವೋಲ್ಟೇಜ್ ಹೋಗಿರುವ ಸಾಧ್ಯತೆ ಇದೆ. ಎಲ್ಲ ಚಾನೆಲ್‌ನಲ್ಲೂ ಅಲೆ ಚೆನ್ನಾಗಿ ಕಾಣುತ್ತಿದೆ, ಲೆವೆಲ್ ನಡುವೆ ಇದೆ, ಆದರೂ "ಆಟೋ" ಬಿಟ್ಟು ಕದಲುತ್ತಿಲ್ಲ ಅಂದರೆ ಟ್ರಿಗರ್ ಸರ್ಕ್ಯೂಟ್ ಮೇಲೆ ಅನುಮಾನ.

ಟ್ರಿಗರ್ ಆಗುತ್ತದೆ, ಆದರೆ ಬಾಣ ತೋರಿಸುವ ಎತ್ತರಕ್ಕೂ ಗೆರೆ ಟ್ರಿಗರ್ ಜಾಗವನ್ನು ದಾಟುವ ಎತ್ತರಕ್ಕೂ ತಾಳೆ ಇಲ್ಲ ಅಂದರೆ ಸೆಲ್ಫ್ ಕ್ಯಾಲಿಬ್ರೇಷನ್ (ಸ್ಕೋಪ್ ತನ್ನ ಅಳತೆಯನ್ನು ತಾನೇ ಸರಿಮಾಡಿಕೊಳ್ಳುವುದು) ಓಡಿಸಿ ನೋಡಿ. ಸ್ಕೋಪ್ ಆನ್ ಮಾಡಿ ಅರ್ಧ ಗಂಟೆ ಬಿಡಿ, ಎಲ್ಲ ಪ್ರೋಬ್ ಕಿತ್ತು ಹಾಕಿ, ಆಮೇಲೆ ಶುರು ಮಾಡಿ. ಮಧ್ಯದಲ್ಲಿ ಪವರ್ ತೆಗೆಯಬೇಡಿ.

ಇದರಿಂದಲೂ ಆಗದಿದ್ದರೆ ಸರ್ವಿಸ್‌ಗೆ ಕೊಡಿ. ಕವಚ ಬಿಚ್ಚಬೇಡಿ, ಒಳಗಿನ ಪವರ್ ಸಪ್ಲೈಯಲ್ಲೂ ಮೇಲೆ ಹೇಳಿದ ಅದೇ 325 ವೋಲ್ಟ್ ಕೆಪಾಸಿಟರ್ ಇರಬಹುದು. ಸುಟ್ಟ ವಾಸನೆ ಬಂದರೆ, ಬಿಎನ್‌ಸಿ (ಪ್ರೋಬ್ ಸೇರುವ ಲೋಹದ ಕನೆಕ್ಟರ್) ಮುಟ್ಟಿದಾಗ ಚುರುಕ್ ಅಂದರೆ ಯಾವ ಪರೀಕ್ಷೆಯೂ ಬೇಡ, ಗೋಡೆಯ ಸ್ವಿಚ್ ಆಫ್ ಮಾಡಿ ಪ್ಲಗ್ ಕೀಳಿ.

ಕೊಡುವಾಗ ಒಂದು ಚೀಟಿ ಬರೆದಿಡಿ: ಯಾವ ಚಾನೆಲ್, ಮೇಲೆ ಯಾವ ಪದ ಇತ್ತು, ಡೀಫಾಲ್ಟ್ ಸೆಟಪ್ ಮಾಡಿದ್ದೀರಾ, ಪ್ರೋಬ್ ಬದಲಾಯಿಸಿದ್ದೀರಾ, ಫರ್ಮ್‌ವೇರ್ ಯಾವುದು, ಕೆಡುವ ಮುಂಚೆ ಏನು ಅಳೆಯುತ್ತಿದ್ದಿರಿ. ಸ್ಕ್ರೀನಿನ ಫೋಟೋ ಒಂದನ್ನು, ಆ ಮೇಲಿನ ಪದವೂ ಬದಿಯ ಬಾಣವೂ ಕಾಣುವಂತೆ, ಜೊತೆಗೆ ಹಾಕಿ.